ನಿಮ್ಮ ಬಿಸಿಲಿನ ಕರೆಂಟು

ಏಪ್ರಿಲ್ ತಿಂಗಳಲ್ಲಿ ಕಲಬುರಗಿಯಲ್ಲಿ ಸಂಜೆ ಆರಕ್ಕೆ ನಳ ತಿರುಗಿಸಿದರೆ ಬರುವುದು ಸುಡುನೀರು. ಮಾಳಿಗೆಯ ಮೇಲಿನ ಕರೀ ಟಾಕಿ ಬೆಳಗಿನಿಂದ ಬಿಸಿಲು ಕುಡಿದು ನಿಂತಿರುತ್ತದೆ. ಆ ನೀರನ್ನು ಬಕೆಟ್ಟುಗಳಿಗೆ ತುಂಬಿ, ರಾತ್ರಿಯಿಡೀ ಆರಲು ಬಿಟ್ಟು, ಬೆಳಗ್ಗೆ ಮೈಮೇಲೆ ಹಾಕಿಕೊಳ್ಳುವುದು ನಮ್ಮೂರಿನ ಬೇಸಿಗೆಯ ಪದ್ಧತಿ. ಒಮ್ಮೆ ಬೆಂಗಳೂರಿನಿಂದ ಬಂದಿದ್ದ ಬೀಗರೊಬ್ಬರು, "ಇಷ್ಟು ಬಿಸಿಲಿದೆ, ನೀವು ಸೋಲಾರ್ ಹಾಕಿಸಿಲ್ವಾ?" ಎಂದು ಕೇಳಿದರು. ಅವ್ವ ನಳದ ಕಡೆ ಕೈ ತೋರಿಸಿ, "ನಾವು ಹಾಕಸದಿದ್ರೂ ಅದೇ ಬಂದು ಕುಂತದಲ್ರಿ" ಅಂದಳು.

ಬಂದು ಕುಂತದ್ದು ನಿಜ. ಆದರೆ ನಮ್ಮ ಊರಿನಲ್ಲಿ ಬಿಸಿಲನ್ನು ಯಾರೂ ಬಂದ ಅತಿಥಿ ಎಂದು ಮಾತಾಡಿಸುವುದಿಲ್ಲ. ಶರಣಬಸವೇಶ್ವರ ಜಾತ್ರೆಯ ತಿರುಗುವ ತೊಟ್ಟಿಲು ಬಿಚ್ಚಿ ಲಾರಿಗೆ ಹಾಕುವ ಹೊತ್ತಿಗೆ ಶುರುವಾದ ಬಯ್ಗುಳ, ಜೂನಿನ ಮೊದಲ ಮಳೆ ಮಣ್ಣಿಗೆ ತಾಗುವ ತನಕ ನಿಲ್ಲುವುದಿಲ್ಲ. 42 ಡಿಗ್ರಿ, 43 ಡಿಗ್ರಿ ಎಂದು ಪತ್ರಿಕೆಯಲ್ಲಿ ಓದಿ ತಲೆ ಕೊಡವುತ್ತೇವೆ. ಹನ್ನೊಂದರಿಂದ ನಾಲ್ಕರ ತನಕ ಬೀದಿ ಬಣಬಣ. ನಾನೂ ಬೈದವಳೇ. ಆದರೂ ಚಿಕ್ಕಂದಿನ ಬಿಸಿಲನ್ನು ನೆನೆದರೆ ನನ್ನ ಕಣ್ಣೆದುರು ಬರುವುದು ದುಡಿಯುವ ಬಿಸಿಲು, ಮನೆಯ ಆಳಿನಂತೆ ಬೆಳಗಿನಿಂದ ಸಂಜೆಯವರೆಗೆ ಕೈಗೆ ಕೆಲಸ ಹಚ್ಚಿಕೊಂಡಿದ್ದ ಬಿಸಿಲು.

ಆಗ ನಾವಿದ್ದದ್ದು ಹಳೇ ಓಣಿಯ ಮಣ್ಣಿನ ಮಾಳಿಗೆಯ ಮನೆಯಲ್ಲಿ. ಎರಡು ಅಡಿ ದಪ್ಪದ ಗೋಡೆ, ಶಹಾಬಾದಿ ಪರಸಿಯ ನೆಲ, ಅಡುಗೆಮನೆಯ ನೆತ್ತಿಯಲ್ಲೊಂದು ಬೆಳಕಿಂಡಿ. ಮಳೆ ಬಂದರೆ ಅದರ ಮೇಲೊಂದು ಪರಸಿಯ ಚೂರು ಮುಚ್ಚುತ್ತಿದ್ದೆವು. ಉಳಿದ ದಿನಗಳಲ್ಲಿ ಅದರಿಂದ ಇಳಿದ ಬಿಸಿಲಿನ ಕೋಲು ಬೆಳಗ್ಗೆ ಪಡುವಣ ಗೋಡೆಯ ಗೂಡಿನಿಂದ ಹೊರಟು, ಮಧ್ಯಾಹ್ನ ಬೀಸುವ ಕಲ್ಲಿನ ಹತ್ತಿರ ಬಂದು, ಸಂಜೆಗೆ ಮೂಡಲ ಗೋಡೆಯ ನೀರಿನ ಗಡಿಗೆಗಳನ್ನು ಹತ್ತಿ ಮಾಯವಾಗುತ್ತಿತ್ತು. ಅವ್ವ ಅದನ್ನು ನೋಡಿಯೇ ಒಲೆ ಹಚ್ಚುತ್ತಿದ್ದಳು. ಆ ಮನೆಗೆ ಬೆಳಕು ಬರುತ್ತಿದ್ದದ್ದೇ ಮಾಳಿಗೆಯ ಕಡೆಯಿಂದ.

ಬೇಸಿಗೆಯಲ್ಲಂತೂ ಮಾಳಿಗೆ ಮನೆಯ ಎಲ್ಲಕ್ಕಿಂತ ದೊಡ್ಡ ಕೋಣೆಯಾಗುತ್ತಿತ್ತು. ಹಗಲೆಲ್ಲ ಅಲ್ಲಿ ಕೆಂಪು ಮೆಣಸಿನಕಾಯಿ, ಸಂಡಿಗೆ, ಹಪ್ಪಳ, ಶ್ಯಾವಿಗೆ, ಕುರಡಗಿ. ರಾತ್ರಿ ಅಲ್ಲೇ ಹೊರಸು, ಕೌದಿ. ಸಂಜೆ ನಾಲ್ಕು ಕೊಡ ನೀರು ಚಿಮುಕಿಸಿದರೆ ಮಾಳಿಗೆಯಿಂದ ಮಣ್ಣಿನ ವಾಸನೆಯ ಹಬೆ ಏಳುತ್ತಿತ್ತು. ಒಂದು ಮಾಳಿಗೆಗೂ ಇನ್ನೊಂದಕ್ಕೂ ನಡುವೆ ಮೊಣಕಾಲೆತ್ತರದ ಗೋಡೆ ಮಾತ್ರ. ಪಕ್ಕದ ಮನೆಯ ಮೇಲೆ ಬೇವಿನ ನೆರಳು ಬೀಳುತ್ತಿದ್ದುದರಿಂದ ಆ ಮನೆಯ ಹೆಣ್ಣುಮಕ್ಕಳು ತಮ್ಮ ಸಂಡಿಗೆಯ ಪರಾತ ಹಿಡಿದು ನೇರ ನಮ್ಮ ಮಾಳಿಗೆಗೇ ದಾಟಿ ಬರುತ್ತಿದ್ದರು. ಕೇಳುವ ಪದ್ಧತಿ ಇರಲಿಲ್ಲ, ಹೇಳುವ ಪದ್ಧತಿಯೂ ಇರಲಿಲ್ಲ. ಬಿಸಿಲು ಯಾವ ಮಾಳಿಗೆಯ ಮೇಲೆ ಚೆನ್ನಾಗಿ ಬೀಳುತ್ತದೋ ಅದು ಆ ಹೊತ್ತಿಗೆ ಓಣಿಯ ಮಾಳಿಗೆ.

ಅಪ್ಪ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಎಂಬತ್ತರ ದಶಕದಲ್ಲಿ ಸೌರ ಕುಕ್ಕರಿನ ಪ್ರಚಾರ ಜೋರಾಗಿ ನಡೆದಾಗ ಅವರೂ ಒಂದನ್ನು ತಂದರು. ಸೂಟ್‌ಕೇಸಿನಂಥ ಪೆಟ್ಟಿಗೆ, ಮುಚ್ಚಳದ ಒಳಗೆ ಕನ್ನಡಿ, ಅದರ ಕೆಳಗೆ ಎರಡು ಪದರ ಗಾಜು, ಒಳಗೆ ಕಪ್ಪು ಬಣ್ಣದ ನಾಲ್ಕು ಡಬ್ಬಿ. ಬೆಳಗ್ಗೆ ಹತ್ತಕ್ಕೆ ತೊಗರಿಬೇಳೆ ಇಟ್ಟರೆ ಹನ್ನೆರಡೂವರೆಗೆ ಬೆಣ್ಣೆಯಂತೆ ಬೆಂದಿರುತ್ತಿತ್ತು. ನಡುವೆ ಎರಡು ಸಲ ಹೋಗಿ ಸೂರ್ಯನ ಕಡೆ ತಿರುಗಿಸಿ ಬರುವ ಕೆಲಸ ನನ್ನದು. ಹಾಗೆ ಹೋದಾಗ ಅಪ್ಪ ಹೇಳಿದ ಎರಡು ಸಂಗತಿ ನನ್ನ ತಲೆಯಲ್ಲಿ ಗಟ್ಟಿಯಾಗಿ ಉಳಿದಿವೆ. ಬೆಳಕು ಬಿದ್ದರೆ ಕರೆಂಟು ಹುಟ್ಟುತ್ತದೆ ಎಂಬುದನ್ನು 1839ರಲ್ಲಿ ಮೊದಲು ಕಂಡವನು ಫ್ರಾನ್ಸಿನ ಎಡ್ಮಂಡ್ ಬೆಕೆರೆಲ್. ಅವನಿಗೆ ಆಗ 19 ವರ್ಷ, ಕೆಲಸ ಮಾಡುತ್ತಿದ್ದದ್ದು ಅಪ್ಪನ ಪ್ರಯೋಗಶಾಲೆಯಲ್ಲಿ. ಅದು ಬಳಕೆಗೆ ಬರುವಂತಾದದ್ದು 115 ವರ್ಷಗಳ ನಂತರ, 1954ರ ಏಪ್ರಿಲ್‌ನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದವರು ಸಿಲಿಕಾನ್ ಪಟ್ಟಿಯನ್ನು ತೋರಿಸಿದಾಗ. ತೋರಿಸಲು ಅವರು ತಿರುಗಿಸಿದ್ದು ಒಂದು ಪುಟ್ಟ ಆಟಿಕೆಯ ತೊಟ್ಟಿಲನ್ನು. "ನಮ್ಮ ಶರಣಬಸವೇಶ್ವರ ಜಾತ್ರಿ ತೊಟ್ಟಿಲ ಇರ್ತದಲ್ಲ, ಹಂಗೇ. ಬರೇ ಬೆಳಕಿನ ಮ್ಯಾಲ ತಿರಗ್ತು" ಎಂದು ಹೇಳುವಾಗ ಅಪ್ಪನ ಬೆರಳು ಗಾಳಿಯಲ್ಲಿ ಸುತ್ತುತ್ತಿತ್ತು. ಆಗಿನ ಆ ಸಿಲಿಕಾನ್ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಆರು ಪಾಲನ್ನಷ್ಟೇ ಕರೆಂಟು ಮಾಡುತ್ತಿತ್ತು. ಇವತ್ತು ನಮ್ಮ ಮನೆಯ ಮೇಲಿರುವುದು ನೂರಕ್ಕೆ ಇಪ್ಪತ್ತನ್ನು ದಾಟಿದೆ. ಅದನ್ನು ನೋಡಲು ಅಪ್ಪ ಇಲ್ಲ.

ಅಪ್ಪನ ಹಾಗೆ ನಾನೂ ಒಂದು ದಿನ ಕಾಗದ ಪೆನ್ನು ಹಿಡಿದು ಲೆಕ್ಕ ಹಾಕಿದೆ. ನಮ್ಮ ಸೀಮೆಯಲ್ಲಿ ಒಂದು ಚದರ ಮೀಟರ್ ಸಮತಟ್ಟಾದ ಜಾಗದ ಮೇಲೆ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು ಐದೂವರೆ ಯೂನಿಟ್ಟಿನಷ್ಟು ಶಕ್ತಿ ಬಿಸಿಲಾಗಿ ಬೀಳುತ್ತದೆ. ಮೂವತ್ತು ನಲವತ್ತರ ಸೈಟಿನಲ್ಲಿ ಕಟ್ಟಿದ ನಮ್ಮ ಈಗಿನ ಮನೆಯ ಆರ್‌ಸಿಸಿ ಮಾಳಿಗೆ 800 ಚದರ ಅಡಿ, ಅಂದರೆ 74 ಚದರ ಮೀಟರ್. ದಿನಕ್ಕೆ 400 ಯೂನಿಟ್! ಬೇಸಿಗೆಯಲ್ಲಿ ಕೂಲರು, ಫ್ರಿಜ್ಜು, ಪಂಪು, ಒಂದು ಎಸಿ ಎಲ್ಲ ಸೇರಿ ಇಡೀ ತಿಂಗಳಿಗೆ ನಾವು ಸುಡುವುದೂ ಹೆಚ್ಚು ಕಡಿಮೆ ಅಷ್ಟೇ. ಬಿದ್ದದ್ದರಲ್ಲಿ ಐದನೇ ಒಂದು ಪಾಲನ್ನಷ್ಟೇ ಪ್ಯಾನೆಲ್ಲು ಹಿಡಿಯುತ್ತದೆ, ಮಾಳಿಗೆಯ ತುಂಬ ಪ್ಯಾನೆಲ್ಲು ಹಾಕಲೂ ಬರುವುದಿಲ್ಲ ಅನ್ನಿ. ಹಾಗಿದ್ದರೂ ಮಾಳಿಗೆಯ ಕಾಲುಭಾಗ ಸಾಕು. ಒಂದು ಕಿಲೋವ್ಯಾಟ್ ಪ್ಯಾನೆಲ್ಲು ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತದೆ. ಮೂರು ಕಿಲೋವ್ಯಾಟ್‌ಗೆ ಹನ್ನೆರಡು, ತಿಂಗಳಿಗೆ 360. ಇಷ್ಟು ವರ್ಷ ಬಯ್ಯುತ್ತ ಬಂದ ಬಿಸಿಲು ದಿನಾ ಎಷ್ಟನ್ನು ತಂದು ಸುರಿದು ಹೋಗುತ್ತಿತ್ತು ಎಂಬುದು ಆ ಕಾಗದದಲ್ಲಿ ಕಂಡಾಗ, ಯಾರದೋ ಉಪಕಾರವನ್ನು ಗುರುತಿಸದೆ ಉಳಿದೆನಲ್ಲ ಎಂದು ಮನಸ್ಸು ನೊಂದಿತು.

2024ರ ಫೆಬ್ರುವರಿಯಲ್ಲಿ ಕೇಂದ್ರ ಸರಕಾರದ ಪಿಎಂ ಸೂರ್ಯ ಘರ್ ಯೋಜನೆ ಬಂತು. ಒಂದು ಕಿಲೋವ್ಯಾಟ್‌ಗೆ 30,000, ಎರಡಕ್ಕೆ 60,000, ಮೂರು ಮತ್ತು ಅದಕ್ಕೂ ಮೇಲೆ 78,000 ರೂಪಾಯಿ ಸಬ್ಸಿಡಿ. ಒಂದು ಕೋಟಿ ಮನೆಗಳ ಗುರಿ. ಸಬ್ಸಿಡಿ ಬೇಕೆಂದರೆ ಪ್ಯಾನೆಲ್ಲಷ್ಟೇ ಅಲ್ಲ, ಅದರೊಳಗಿನ ಸೆಲ್ಲೂ ನಮ್ಮ ದೇಶದಲ್ಲೇ ತಯಾರಾಗಿರಬೇಕು. ಹಾಕಿಸೋಣ ಎಂದು ಮನೆಯಲ್ಲಿ ಮಾತು ತೆಗೆದೆ. ಅವ್ವ ಬಹಳ ಹೊತ್ತು ಸುಮ್ಮನಿದ್ದು, ಕೊನೆಗೆ ಕೇಳಿದ್ದು ಒಂದೇ ಮಾತು.

"ಸಂಡಿಗಿ ಎಲ್ಲಿ ಒಣಗಸ್ಲಿ?"

ಆ ಪ್ರಶ್ನೆಗೆ ನಾನು ಕೂಡಲೇ ಉತ್ತರ ಕೊಡಲಿಲ್ಲ. ಎಂಬತ್ತರ ಹತ್ತಿರ ಬಂದ ಅವ್ವ ಈಗಲೂ ಫೆಬ್ರುವರಿ ಬಂತೆಂದರೆ ಮಾಳಿಗೆ ಹತ್ತುತ್ತಾಳೆ. ವರ್ಷಕ್ಕೆ ಮೂರು ತಿಂಗಳು ಅವಳು ಆಳುವ ರಾಜ್ಯ ಅದು. ಪ್ಯಾನೆಲ್ಲನ್ನು ನೆಲಕ್ಕೆ ಹತ್ತಿ ಒಂದೆರಡು ಅಡಿ ಎತ್ತರಕ್ಕೆ ಕೂರಿಸಿದರೆ ಖರ್ಚು ಕಡಿಮೆ, ಆದರೆ ಅಷ್ಟೂ ಜಾಗ ಕೈಬಿಟ್ಟು ಹೋಗುತ್ತದೆ. ಅದಕ್ಕೇ ಎಂಟು ಅಡಿ ಎತ್ತರದ ಕಂಬಗಳ ಮೇಲೆ ಚಪ್ಪರದಂತೆ ಕಟ್ಟಿಸಲು ಒಪ್ಪಿಸಿದೆ. ಖರ್ಚು ಎರಡು ಲಕ್ಷ ದಾಟಿತು, ಸಬ್ಸಿಡಿ ಆಮೇಲೆ ಖಾತೆಗೆ ಬಂತು. ಉಳಿದ ಹಣ ಬಿಲ್ಲಿನ ಉಳಿತಾಯದಲ್ಲಿ ತೀರಲು ಐದಾರು ವರ್ಷ ಬೇಕು. ಪ್ಯಾನೆಲ್ಲಿಗೆ 25 ವರ್ಷದ ಭರವಸೆ ಇದೆ.

ಕೆಲಸಕ್ಕೆ ಬಂದ ನಾಲ್ಕು ಹುಡುಗರನ್ನು ನೆನೆಯದೆ ಮುಂದೆ ಹೋಗಲಾರೆ. ಒಂದೊಂದು ಪ್ಯಾನೆಲ್ಲೂ ಏಳೂವರೆ ಅಡಿ ಉದ್ದ, ಪೌಣೆನಾಲ್ಕು ಅಡಿ ಅಗಲ, 28 ಕಿಲೋ ತೂಕ. ಅಂಥ ಆರನ್ನು ನಮ್ಮ ಇಕ್ಕಟ್ಟಾದ ಮೆಟ್ಟಿಲಿನ ತಿರುವಿನಲ್ಲಿ, ಗಾಜಿಗೆ ಎಲ್ಲೂ ಪೆಟ್ಟಾಗದಂತೆ, ಮಗುವನ್ನು ಎತ್ತಿಕೊಂಡಂತೆ ಓರೆ ಮಾಡಿ ಹಿಡಿದು ಮೇಲೆ ಒಯ್ದರು. ಕಷ್ಟವಾದದ್ದು ಮೇಲೆ ಅಲ್ಲ, ಕೆಳಗೆ. ಅರ್ಥಿಂಗಿಗೆ ಮೂರು ಗುಂಡಿ ತೋಡಬೇಕು, ಪ್ಯಾನೆಲ್ಲಿನ ಬದಿಗೊಂದು, ಮನೆಯ ಕರೆಂಟಿನ ಬದಿಗೊಂದು, ಸಿಡಿಲಿಗೊಂದು. ಎರಡು ಅಡಿ ಎರೆಮಣ್ಣು ಹೋಗುತ್ತಿದ್ದಂತೆ ಹಾರೆ ಠಣ್ ಎಂದಿತು. ಪರಸಿ! ಸುಣ್ಣದ ಕಲ್ಲಿನ ಹಾಸು, ಶಹಾಬಾದದ ಗಣಿಯಲ್ಲಿ ತೆಗೆಯುವಂಥದೇ, ನಮ್ಮ ಅಂಗಳದ ಕೆಳಗೂ ಮಲಗಿತ್ತು. ನೆತ್ತಿಯ ಮೇಲಿನ ಬಿಸಿಲನ್ನು ಮನೆಗೆ ಇಳಿಸಬೇಕಾದರೆ ಕಾಲ ಕೆಳಗಿನ ಕಲ್ಲನ್ನು ಕೇಳಬೇಕಾಯಿತು. ಪದರ ಪದರವಾಗಿ ಎಬ್ಬಿಸುತ್ತ, ಅಂಗೈಯ ಬೊಬ್ಬೆ ಒರೆಸಿಕೊಳ್ಳುತ್ತ ಆ ಹುಡುಗರು ಎರಡು ದಿನ ತೋಡಿದರು. ತೆಗೆದ ಪರಸಿಯ ತುಂಡುಗಳನ್ನು ಅವ್ವ ಬಿಸಾಡಲು ಬಿಡಲಿಲ್ಲ. ತುಳಸಿ ಕಟ್ಟೆಯ ಸುತ್ತ ಹಾಸಿದ್ದಾಳೆ.

ಒಂದು ಕೆಲಸ ಮಾತ್ರ ಕೆಟ್ಟಿತು. ಕಂಬ ನಿಲ್ಲಿಸಲು ಮಾಳಿಗೆಗೆ ಹೊಡೆದ ತೂತುಗಳ ಸುತ್ತ ನೀರು ಇಳಿಯದಂತೆ ಸರಿಯಾಗಿ ಮುಚ್ಚಿರಲಿಲ್ಲ. ಮೊದಲ ಮಳೆಗಾಲದಲ್ಲಿ ಅವ್ವನ ಕೋಣೆಯ ಮೂಲೆಯಲ್ಲಿ ಹಸಿ ಕಲೆ ಮೂಡಿ ದಿನದಿನಕ್ಕೆ ಹಿಗ್ಗಿತು. ಗುತ್ತಿಗೆ ಹಿಡಿದವರು ನಾಲ್ಕು ಸಲ ಫೋನ್ ಎತ್ತಿ ಐದನೆಯ ಸಲ ಎತ್ತಲಿಲ್ಲ. ಕೊನೆಗೆ ನಮ್ಮ ಗೌಂಡಿಯೇ ಬಂದು ಕಂಬದ ಬುಡಕ್ಕೆ ಕಾಂಕ್ರೀಟಿನ ದಿಂಡು ಕಟ್ಟಿ ಸೋರಿಕೆ ನಿಲ್ಲಿಸಿದ. ಹಾಕಿಸುವವರು ಯಾರೇ ಕೇಳಿದರೂ ನಾನು ಪ್ಯಾನೆಲ್ಲಿನ ಕಂಪನಿ ಯಾವುದು ಎಂಬುದಕ್ಕಿಂತ ಮೊದಲು ಕಂಬದ ಬುಡ ನೋಡಿ ಎನ್ನುತ್ತೇನೆ. ನಮ್ಮಲ್ಲಿ ಮೇ ತಿಂಗಳ ಅಡ್ಡಮಳೆಯ ಗಾಳಿ ತಗಡಿನ ಶೀಟುಗಳನ್ನು ಹಾರಿಸಿಕೊಂಡು ಹೋಗುತ್ತದೆ. ನೂರೆಪ್ಪತ್ತು ಕಿಲೋ ಗಾಜು ಹೊತ್ತ ಚಪ್ಪರ ಅಲ್ಲಾಡಬಾರದು.

ಇನ್ನು ನನ್ನನ್ನು ಬಹಳ ದಿನ ಯೋಚನೆಗೆ ಹಚ್ಚಿದ ಸಂಗತಿ. ಮೊಬೈಲಿನಲ್ಲಿ ದಿನದಿನದ ಯೂನಿಟ್ ಕಾಣುತ್ತದೆ. ಫೆಬ್ರುವರಿಯ ಕೊನೆಯಲ್ಲಿ, ಬೆಳಗಿನ ಚಳಿ ಇನ್ನೂ ಇರುವಾಗ, ದಿನಕ್ಕೆ ಹದಿನೈದನ್ನು ಮುಟ್ಟಿತ್ತು. ಮೇ ಬಂದರೆ ಹದಿನೆಂಟಾದೀತು ಎಂದು ನಾನು ಕಾದೆ. ಮೇ ತಿಂಗಳ ಎರಡನೆಯ ವಾರ ನಮ್ಮ ಊರಿನಲ್ಲಿ ಸೂರ್ಯ ನಡುಮಧ್ಯಾಹ್ನ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಅಂಗಳದಲ್ಲಿ ನಿಲ್ಲಿಸಿದ ಕೊಡದ ನೆರಳು ಕೊಡದ ಬುಡಕ್ಕೇ ಅಡಗುತ್ತದೆ. ಅಂಥ ದಿನವೂ ಬಂದದ್ದು ಹದಿಮೂರು. ಕಾರಣ ತಿಳಿದಾಗ ಬಿಸಿಲು ಬೇರೆ, ಸೆಕೆ ಬೇರೆ ಎಂಬುದು ಮೊದಲ ಸಲ ಸ್ಪಷ್ಟವಾಯಿತು. ಸಿಲಿಕಾನಿಗೆ ಬೇಕಾದದ್ದು ಬೆಳಕು, ಬಿಸಿ ಅಲ್ಲ. ಪ್ಯಾನೆಲ್ಲಿನ ಮೇಲೆ ಬರೆದಿರುವ ಸಾಮರ್ಥ್ಯ ಅದರ ಸೆಲ್ಲು 25 ಡಿಗ್ರಿಯಲ್ಲಿರುವಾಗಿನದು. ಹೊರಗೆ 42 ಇದ್ದರೆ ಆ ಕರೀ ಗಾಜಿನ ಕೆಳಗೆ 65 ದಾಟುತ್ತದೆ. 25ರ ಮೇಲೆ ಏರುವ ಪ್ರತಿ ಡಿಗ್ರಿಗೂ ನೂರಕ್ಕೆ ಮೂರನೇ ಒಂದು ಪಾಲಿನಷ್ಟು ಶಕ್ತಿ ಕಡಿಮೆ. ನಡುಮಧ್ಯಾಹ್ನದಲ್ಲಿ ಏಳನೇ ಒಂದು ಪಾಲೇ ಹೋಯಿತು. ನಮ್ಮ ಹಾಗೆ ಅದಕ್ಕೂ ಸೆಕೆಯಾಗುತ್ತದೆ, ಅದಕ್ಕೂ ಬೆನ್ನಿಗೆ ಗಾಳಿ ಬೇಕು. ಎಂಟು ಅಡಿ ಎತ್ತರಕ್ಕೆ ಕಟ್ಟಿಸಿದ್ದು ಅವ್ವನ ಸಂಡಿಗೆಗಾಗಿ. ಆದರೆ ಕೆಳಗೆ ಗಾಳಿ ಆಡುವುದರಿಂದ ಪ್ಯಾನೆಲ್ಲಿಗೂ ಅದರಿಂದ ತಂಪು ಸಿಕ್ಕಿತು, ಚಪ್ಪರದ ನೆರಳು ಬಿದ್ದ ಕೋಣೆಯ ಸೂರಿನ ಕಾವೂ ಇಳಿಯಿತು. ಅವ್ವ ಈಗ ಚಪ್ಪರದ ನೆರಳಲ್ಲಿ ಕೂತು, ಅದರಾಚೆಯ ಬಿಸಿಲಿಗೆ ಸಂಡಿಗೆ ಹಾಕಿ, ಕಾಗೆ ಓಡಿಸುತ್ತಾಳೆ.

ಧೂಳಿನ ಮಾತು ಬೇಗ ಮುಗಿಸುತ್ತೇನೆ. ತೊಗರಿ ರಾಶಿಯ ಕಾಲದಲ್ಲಿ ಊರಿನ ಮೇಲೆ ಹೊಟ್ಟು ತೇಲುತ್ತಿರುತ್ತದೆ. ಪಾರಿವಾಳಗಳಿಗೂ ಎತ್ತರದ ಜಾಗ ಇಷ್ಟ. ಹದಿನೈದು ದಿನಕ್ಕೊಮ್ಮೆ, ಸೂರ್ಯ ಏರುವ ಮುಂಚೆ ತೊಳೆಯಬೇಕು, ಕಾದ ಗಾಜಿಗೆ ತಣ್ಣೀರು ಸುರಿಯಬಾರದು. ನಮ್ಮ ಬೋರಿನ ನೀರು ಸುಣ್ಣದ ನೀರು, ಹಾಗೇ ಆರಲು ಬಿಟ್ಟರೆ ಗಾಜಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಮೆತ್ತನೆಯ ಅರಿವೆಯಿಂದ ಒರೆಸಿಬಿಡಬೇಕು.

ನೆರಳಿನದು ಹಾಗೆ ಬೇಗ ಮುಗಿಯುವ ಮಾತಲ್ಲ. ಪ್ಯಾನೆಲ್ಲಿನ ಸೆಲ್ಲುಗಳು ಸಾಲಾಗಿ ಒಂದಕ್ಕೊಂದು ಕೈ ಹಿಡಿದು ನಿಂತಿವೆ. ಒಂದರ ಮೇಲೆ ನೆರಳು ಬಿದ್ದರೆ ಆ ಸಾಲೇ ಸೋಲುತ್ತದೆ. ನಮ್ಮ ದಕ್ಷಿಣಕ್ಕಿರುವ ಮನೆಯವರು ಕಳೆದ ವರ್ಷ ಮೇಲೊಂದು ಅಂತಸ್ತು ಎಬ್ಬಿಸಿ, ಮೆಟ್ಟಿಲಿನ ಮೇಲಿನ ಕೋಣೆಯನ್ನು ನಮ್ಮ ಗಡಿಗೆ ಹತ್ತಿ ಕಟ್ಟಬೇಕೆಂದಿದ್ದರು. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿದಾಗ ಹತ್ತು ಅಡಿ ಗೋಡೆಯ ನೆರಳು ನಡುಮಧ್ಯಾಹ್ನದಲ್ಲೂ ಎಂಟೂವರೆ ಅಡಿ ಉತ್ತರಕ್ಕೆ ಚಾಚುತ್ತದೆ, ಬೆಳಗ್ಗೆ ಸಂಜೆ ಕೇಳುವುದೇ ಬೇಡ. ನನಗೆ ನಿದ್ದೆ ಬರಲಿಲ್ಲ. ಅವರ ಜಾಗ, ಅವರ ಹಣ, ನಾನು ಏನೆಂದು ಹೇಳಲಿ? ಅವ್ವ ಮಾತ್ರ ಒಂದು ಡಬ್ಬಿ ಸಂಡಿಗೆ ಹಿಡಿದು ಆ ಮನೆಗೆ ಹೋದಳು. ಅವರ ಸೊಸೆಯನ್ನು ಕರೆದುಕೊಂಡು ಬಂದು ನಮ್ಮ ಚಪ್ಪರದ ಕೆಳಗೆ ನಿಲ್ಲಿಸಿ, "ನಮ್ಮ ಮ್ಯಾಲ ನೆಳ್ಳು ಬೀಳ್ತದ ಅಂತಲ್ಲ ಯವ್ವಾ, ನಾಳಿ ನೀವೂ ಹಾಕಸವ್ರೇ ಅಲ್ಲೇನು, ಈಗೇ ಜಾಗಾ ನೋಡಿ ಕಟ್ರಿ" ಅಂದಳು. ಆ ಕೋಣೆ ಅವರ ಮನೆಯ ದಕ್ಷಿಣದ ಮೂಲೆಯಲ್ಲಿ ಎದ್ದಿದೆ, ನಮ್ಮಿಂದ ದೂರ. ಮಾಳಿಗೆಯಿಂದ ಮಾಳಿಗೆಗೆ ದಾಟುತ್ತಿದ್ದ ಕಾಲದ ಮಾತಿನ ವರಸೆ ಅವ್ವನಲ್ಲಿ ಇನ್ನೂ ಇದೆ. ಬಿಸಿಲಿನ ಹಕ್ಕನ್ನು ಕಾಯುವ ನಿಯಮವೊಂದು ಊರಿಗೆ ಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ, ಎಲ್ಲ ಓಣಿಯಲ್ಲೂ ಅವ್ವನಂಥವರು ಇರುವುದಿಲ್ಲ.

ಕೆಳಗಿನ ಎರಡು ಕೋಣೆಯಲ್ಲಿ ಬಾಡಿಗೆಗೆ ಒಂದು ಸಂಸಾರವಿದೆ. ಗಂಡ ಆಟೋ ಓಡಿಸುತ್ತಾನೆ, ಹೆಂಡತಿ ಬಟ್ಟೆ ಹೊಲಿಯುತ್ತಾಳೆ. ಐದನೇ ಇಯತ್ತೆಯ ಮಗಳು ಪ್ಯಾನೆಲ್ಲು ಏರಿಸುವಾಗ ಎಲ್ಲವನ್ನೂ ಕಣ್ಣು ಬಿಟ್ಟು ನೋಡಿದ್ದಳು. ಮೀಟರು ಬದಲಾಗಿ, ನಮ್ಮಿಂದ ಹೊರಗೆ ಹೋದದ್ದು ಎಷ್ಟು, ಹೊರಗಿನಿಂದ ಒಳಗೆ ಬಂದದ್ದು ಎಷ್ಟು ಎಂಬ ಎರಡೂ ಲೆಕ್ಕ ತೋರಿಸುವ ಹೊಸ ಮೀಟರು ಕೂತ ದಿನ ಅವಳು ಕೇಳಿದಳು, "ಆಂಟಿ, ನಿಮ್ಮ ಬಿಸಲಿನ ಕರೆಂಟ್ ನಮ್ಮ ಫ್ಯಾನಿಗೂ ಬರ್ತದೇನ್ರಿ?"

ನಿಮ್ಮ ಬಿಸಿಲು. ಆ ಮಾತು ನನಗೆ ಚುಚ್ಚಿತು. ಹಳೇ ಓಣಿಯ ಮಾಳಿಗೆಯ ಮೇಲೆ ಬಿಸಿಲು ಯಾರದು ಎಂದು ಯಾರೂ ಕೇಳಿರಲಿಲ್ಲ.

ಅವಳಿಗೆ ನಿಜವನ್ನೇ ಹೇಳಿದೆ. ಬರ್ತದವ್ವ, ಕಾಗದದಲ್ಲಿ ಮಾತ್ರ ಬರೋದಿಲ್ಲ. ಮಧ್ಯಾಹ್ನ ನಾವು ಬಳಸಿ ಉಳಿದ ಕರೆಂಟು ಸರ್ವಿಸ್ ವೈರಿನಿಂದ ಕಂಬಕ್ಕೆ ಹೋಗುತ್ತದೆ. ದೂರದ ಊರಿಗೆ ಹೋಗುವುದಿಲ್ಲ, ಹತ್ತಿರ ಯಾರ ಮನೆಯಲ್ಲಿ ಸ್ವಿಚ್ ಹಾಕಿದೆಯೋ ಅಲ್ಲಿಗೇ ಇಳಿಯುತ್ತದೆ. ಅಂದಮೇಲೆ ಎಲ್ಲಕ್ಕಿಂತ ಹತ್ತಿರ ಇರುವುದು ಅವಳ ಫ್ಯಾನೇ. ಕರೆಂಟಿಗೆ ಮನೆಯ ಯಜಮಾನ ಯಾರು, ಬಾಡಿಗೆಯವರು ಯಾರು ಗೊತ್ತಿಲ್ಲ. ಗೊತ್ತಿರುವುದು ಮೀಟರಿಗೆ. ಆ ಉಳಿಕೆಯ ಕರೆಂಟು ನನ್ನ ಹೆಸರಿಗೆ ಜಮೆಯಾಗುತ್ತದೆ, ಮಿಕ್ಕಿದ್ದಕ್ಕೆ ಸಿಗುವ ದರವೂ ನಾವು ಕೊಳ್ಳುವ ದರಕ್ಕಿಂತ ಬಹಳ ಕಡಿಮೆ. ಅವಳ ತಾಯಿಯ ಲೆಕ್ಕ ಬೇರೆ. ರಾಜ್ಯ ಸರಕಾರದ ಗೃಹಜ್ಯೋತಿ ಯೋಜನೆಯಲ್ಲಿ ಅವರಿಗೆ ಬಿಲ್ಲು ಬರುವುದಿಲ್ಲ, ಆದರೆ ಅದು ಹಿಂದಿನ ಬಳಕೆಯ ಸರಾಸರಿ ಮತ್ತು ಅದರ ಮೇಲೆ ನೂರಕ್ಕೆ ಹತ್ತರಷ್ಟಕ್ಕೆ ಮಾತ್ರ. ಅದನ್ನು ದಾಟಿದರೆ ದಾಟಿದ್ದಕ್ಕೆ ಹಣ. ಹಾಗಾಗಿ ಆ ತಾಯಿ ಏಪ್ರಿಲ್‌ನಲ್ಲಿ ಮೀಟರು ನೋಡಿಕೊಂಡು, ಮಧ್ಯಾಹ್ನ ಎರಡಕ್ಕೆ, ಸೆಕೆ ಉಕ್ಕುವ ಹೊತ್ತಿಗೇ ಕೂಲರು ಬಂದ್ ಮಾಡಿ, ಒದ್ದೆ ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊಲಿಯುತ್ತಿದ್ದಳು. ಅದೇ ಹೊತ್ತಿಗೆ ಅವಳ ಗೋಡೆಯನ್ನು ಹಾದು ನಮ್ಮ ಉಳಿಕೆಯ ಕರೆಂಟು ಕಂಬಕ್ಕೆ ಹೋಗುತ್ತಿತ್ತು. ಸರಕಾರ ಪ್ರತಿ ತಿಂಗಳು ಅವಳ ಪರವಾಗಿ ಹಣ ಕೊಡುತ್ತಿದೆ, ಅದು ದೊಡ್ಡ ಆಸರೆ. ಆದರೆ ಆ ಹಣದ ಒಂದು ಪಾಲು ಅವಳ ತಲೆಯ ಮೇಲಿನ ಮಾಳಿಗೆಯಲ್ಲಿ ಅವಳ ಹೆಸರಿನ ಒಂದು ಕಿಲೋವ್ಯಾಟ್ ಆಗಿ ಕೂರಬಾರದೇ? ಒಂದು ಕಡೆ ಹುಟ್ಟಿದ ಕರೆಂಟನ್ನು ಹಲವು ಮೀಟರುಗಳಿಗೆ ಹಂಚಿ ಲೆಕ್ಕ ಮಾಡುವ ನಿಯಮವನ್ನು ದೆಹಲಿಯಲ್ಲಿ 2019ರಲ್ಲೇ ಮಾಡಿದ್ದಾರೆ. ಮಾಳಿಗೆ ಇಲ್ಲದವರಿಗೂ, ಫ್ಲ್ಯಾಟಿನವರಿಗೂ, ಬಾಡಿಗೆಯವರಿಗೂ ಬಿಸಿಲಿನಲ್ಲಿ ಪಾಲು ಕೊಡುವ ದಾರಿ ಅದು. ನಮ್ಮ ಓಣಿಗೆ ಆಗ ಅದು ಇನ್ನೂ ಬಂದಿರಲಿಲ್ಲ.

ಹಳ್ಳಿಗಳ ಬಿಸಿಲಿನ ಕತೆಯೂ ಹೀಗೇ. ಪಾವಗಡದ ತಿರುಮಣಿಯ ಸುತ್ತ ಐದು ಹಳ್ಳಿಗಳಲ್ಲಿ 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕು ಎದ್ದಿದೆ. ಅಲ್ಲಿ ರೈತರ ಭೂಮಿ ಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗೇಣಿಗೆ ಹಿಡಿದರು. ಬರದ ಸೀಮೆಯ ಒಕ್ಕಲಿಗೆ ಬಿಸಿಲಿನಿಂದ ಬಾಡಿಗೆ ಬಂತು. ಭೂಮಿ ಅವನ ಹೆಸರಲ್ಲೇ ಉಳಿಯಿತು. ಬಹಳ ಒಳ್ಳೆಯದು. ಆದರೆ ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ, ಸ್ವಂತ ಹೊಲವಿಲ್ಲದವರಿಗೆ ಆ ಬಾಡಿಗೆಯಲ್ಲಿ ಪಾಲಿಲ್ಲ. ಹಳ್ಳಿಯಲ್ಲಿ ಹೊಲ, ಊರಿನಲ್ಲಿ ಮಾಳಿಗೆ. 1995ರಲ್ಲಿ ಸೆಲ್ಕೊ ಎಂಬ ಸೋಲಾರ್ ಸಂಸ್ಥೆ ಕಟ್ಟಿ, 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಹರೀಶ ಹಂದೆ ಅವರು ನಮ್ಮ ರಾಜ್ಯದಲ್ಲಿ ಹಿಡಿದ ಹಾದಿ ಇಲ್ಲಿ ನನಗೆ ನೆನಪಾಗುತ್ತದೆ. ಬಡವರು ಸೋಲಾರ್ ಕೊಳ್ಳಲಾರರು ಎಂಬ ಮಾತನ್ನು ಅವರು ಒಪ್ಪಲಿಲ್ಲ. ಬ್ಯಾಂಕಿನ ಸಾಲವನ್ನು ಬಡವರ ದುಡಿಮೆಗೆ ಹೊಂದಿಸಿದರು. ದಿನದ ಗಳಿಕೆಯಲ್ಲಿ ಬದುಕುವವನಿಗೆ ತಿಂಗಳ ಕಂತು ಭಾರ, ದಿನದ ಹತ್ತು ರೂಪಾಯಿ ಹಗುರ ಎಂದು ಕಂಡುಕೊಂಡವರು ಅವರು. ನಮ್ಮ ಕೆಳಗಿನ ಮನೆಯ ಆಟೋದವನಿಗೂ ಆ ಹತ್ತು ರೂಪಾಯಿ ಕಷ್ಟವಲ್ಲ. ಅವನಿಗೆ ಇಲ್ಲದ್ದು ಮಾಳಿಗೆ.

ನಿಯಮ ಬರುವ ತನಕ ಕಾಯಬೇಕಲ್ಲ ಎಂದು ನಾನು ಯೋಚಿಸುತ್ತಿರುವಾಗ ಅವ್ವ ಕಾಯಲಿಲ್ಲ. ಏಪ್ರಿಲಿನ ಒಂದು ಮಧ್ಯಾಹ್ನ ಕೆಳಗಿಳಿದು, "ಮಷೀನ್ ಮ್ಯಾಲ ತಗೊಂಡು ಬಾ. ನಮ್ಮ ಪಡಸಾಲ್ಯಾಗ ಕುಂತು ಹೊಲಿ. ಕೂಲರ್ ಹೆಂಗೂ ತಿರಗತಿರ್ತದ" ಅಂದಳು. ಆಗಿನಿಂದ ಬೇಸಿಗೆಯ ಮಧ್ಯಾಹ್ನಗಳಲ್ಲಿ ಹೊಲಿಗೆ ಮಷೀನು ನಮ್ಮ ಪಡಸಾಲೆಯಲ್ಲಿ. ಅದರ ಟಕಟಕ ಸದ್ದಿನ ಪಕ್ಕದಲ್ಲಿ ಹುಡುಗಿ ಹೋಂವರ್ಕ್ ಬರೆಯುತ್ತಾಳೆ.

ಕಳೆದ ಮೇ ತಿಂಗಳಲ್ಲಿ ರಾತ್ರಿ ಗಾಳಿಮಳೆ ಎದ್ದು ಓಣಿಯ ಮೂಲೆಯ ಬೇವಿನ ಕೊಂಬೆ ತಂತಿಯ ಮೇಲೆ ಮುರಿದು ಬಿತ್ತು. ಬೆಳಗಾದರೆ ತೊಳೆದಂಥ ಆಕಾಶ, ಕಣ್ಣು ಕುಕ್ಕುವ ಬಿಸಿಲು. ಆರೂ ಪ್ಯಾನೆಲ್ಲು ಹೊಳೆಯುತ್ತಿವೆ, ಆದರೆ ಇನ್ವರ್ಟರು ಕೆಂಪು ದೀಪ ಹಚ್ಚಿಕೊಂಡು ಸುಮ್ಮನೆ ಕೂತಿದೆ. ನಮ್ಮಂಥ ಬ್ಯಾಟರಿ ಇಲ್ಲದ ವ್ಯವಸ್ಥೆಯಲ್ಲಿ ಹೊರಗಿನ ಲೈನಿನಲ್ಲಿ ಕರೆಂಟು ಇಲ್ಲವೆಂದರೆ ಅದೂ ನಿಂತುಬಿಡುತ್ತದೆ. ನನಗೆ ಸಿಟ್ಟು ಬಂತು. ಇಷ್ಟು ಬಿಸಿಲಿದ್ದೂ ಫ್ಯಾನು ತಿರುಗದು ಎಂದರೆ?

ಹನ್ನೊಂದರ ಹೊತ್ತಿಗೆ ಲೈನ್‌ಮನ್ ಬಂದ. ಕಂಬ ಹತ್ತುವ ಮೊದಲು ನೇರ ನಮ್ಮ ಬಾಗಿಲಿಗೆ ಬಂದು, "ಸೋಲಾರ್ ಅದಲ್ರಿ ಅಕ್ಕಾರೆ, ಒಂದ್ಸಲ ಮಷೀನ್ ನೋಡ್ತೀನ್ರಿ" ಅಂದ. ಜೊತೆಗೆ ಹೋದೆ. ಕೆಂಪು ದೀಪ ನೋಡಿದ. ಆದರೂ ಪಕ್ಕದ ಸ್ವಿಚ್ಚನ್ನು ಕೈಯಾರೆ ಕೆಳಗೆಳೆದು, ಒಮ್ಮೆ ಅಲ್ಲಾಡಿಸಿ ನೋಡಿದ.

"ತಾನೇ ಬಂದ್ ಆಗ್ತದಲ್ಲ?" ಎಂದೆ.

"ಆಗ್ತದ್ರಿ, ಖರೆ ಅದ. ಲೈನ್ ಬಂದ್ ಮಾಡಿ ನಾವು ತಂತಿ ಹಿಡದಾಗ ನಿಮ್ಮ ಮಾಳಗಿ ಕರೆಂಟ್ ತಿರುಗಿ ಕಂಬಕ್ಕ ಬಂದ್ರ ನಮ್ಮ ಜೀವಾನೇ ಹೋಗ್ತದ. ಅದಕ್ಕೇ ಹಂಗ ಮಾಡಿರ್ತಾರ. ಆದ್ರೂ ಕೈಯಿಂದ ಬಂದ್ ಮಾಡಿದ್ರೇ ನನಗ ಸಮಾಧಾನ್ರಿ."

ಬೆಳಗಿನಿಂದ ನಾನು ಯಾವುದರ ಮೇಲೆ ಸಿಟ್ಟು ಮಾಡಿಕೊಂಡಿದ್ದೆನೋ ಅದು ಈ ಮನುಷ್ಯನ ಕೈಯನ್ನು ಕಾಯುತ್ತ ಕೂತಿತ್ತು. ಅವನು ಏಣಿ ಹೊತ್ತು ಹೊರಟ. 43 ಡಿಗ್ರಿ ಬಿಸಿಲಿನಲ್ಲಿ, ತಲೆಗೆ ಟವೆಲ್ಲು ಸುತ್ತಿ, ಕಂಬದ ತುದಿಯಲ್ಲಿ ಮುಕ್ಕಾಲು ತಾಸು ನಿಂತು ತಂತಿ ಬಿಗಿದ. ಅವ್ವ ಮಾಳಿಗೆಯ ಮೇಲೆ ಸಂಡಿಗೆಯ ಹತ್ತಿರ ಕೂತವಳು ಅಲ್ಲಿಂದಲೇ ಅವನನ್ನು ನೋಡುತ್ತಿದ್ದಳು. ಇಳಿದ ಕೂಡಲೇ, "ಏ ತಮ್ಮಾ, ಮ್ಯಾಲ ಬಾ" ಎಂದು ಕೂಗಿದಳು.

ಸ್ವಿಚ್ಚು ಮೇಲೆತ್ತಿ ಅವನು ಮಾಳಿಗೆಗೆ ಬಂದ. ಚಪ್ಪರದ ನೆರಳಿನಲ್ಲಿ ಕಾಲು ಚಾಚಿ ಕೂತು, ತಂಬಿಗೆ ತುಂಬ ಮಜ್ಜಿಗೆಯನ್ನು ಒಂದೇ ಗುಕ್ಕಿಗೆ ಅರ್ಧ ಕುಡಿದು, ಉಳಿದರ್ಧವನ್ನು ನಿಧಾನಕ್ಕೆ ಕುಡಿಯತೊಡಗಿದ. ಕೆಳಗೆ ಇನ್ವರ್ಟರು ಲೈನು ಸರಿಯಾಗಿದೆಯೇ ಎಂದು ಪರೀಕ್ಷಿಸುತ್ತ ಸೆಕೆಂಡು ಎಣಿಸುತ್ತಿತ್ತು. ಅವ್ವ ಅರ್ಧ ಒಣಗಿದ ಸಂಡಿಗೆಯೊಂದನ್ನು ಅವನ ಅಂಗೈಗೆ ಹಾಕಿ ಉಪ್ಪು ಸರಿ ಇದೆಯೇ ಎಂದು ಕೇಳುತ್ತಿದ್ದಳು. ಅಷ್ಟರಲ್ಲಿ ಮೆಟ್ಟಿಲ ಬಳಿ ಹುಡುಗಿಯ ಕೂಗು ಕೇಳಿತು.

"ಹಸರ ಆಯ್ತು! ಅಮ್ಮಾ, ನಮ್ಮ ಬಿಸಲಿನ ಕರೆಂಟ್ ಬಂತು!"